ಗಾಜಿಗೆ ಅಂಟಿದ ಮುಖ

ತೇವ ತಿಂದ ರಟ್ಟಿನ ಮುಗ್ಗಲು ವಾಸನೆ. ಆಳಂದದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು, ಆ ವಾಸನೆ ದಿನಾ ಮೂಗಿಗೆ ಬೀಳುತ್ತದೆ. ಆದರೆ ಹೋದ ವಾರ ನಮ್ಮೂರ ಶಾಲಾ ಸಮಿತಿಯ ಹಳೇ ಅಧ್ಯಕ್ಷ ತಂದ ಫೋಟೋದ ಗಾಜಿನ ಧೂಳು ಒರೆಸಿದಾಗ ನನ್ನ ಕೈ ನಿಂತಿತು. ಒಳಗಿದ್ದವರು ನಮ್ಮ ವಿಜ್ಞಾನದ ಸರ್.

“ತೀರ್ಕೊಂಡ್ರಂತ. ಅವರ ಕೈಯಾಗ ಕಲ್ತಾವ ಒಬ್ಬ ಅವರ ಹೆಸರಿಲೆ ಸಾಲಿಗಿ ಕೋಣಿ ಕಟ್ಟಸ್ತಾನ. ಫೋಟೋಕ್ಕ ಹಾರ ಹಾಕೋದದ. ಹಳೇ ಗ್ಲಾಸ್ ಕಿತ್ತಿ ಹೊಸಾದು ಹಾಕಲೇ ತಮ್ಮಾ,” ಅಂದ ಅಧ್ಯಕ್ಷ.

ಸರ್ ಜೇವರ್ಗಿ ಕಡೆಯವರು. ವರ್ಷದ ಕರಾರಿನ ಮೇಲೆ ಬಂದಿದ್ದರು. ತೆಗೆದುಹಾಕಲು ಸಮಿತಿಯ ಒಂದು ಮಾತು ಸಾಕಿತ್ತು. ಒಂದು ದಿನ ತರಗತಿಗೆ ಎರಡು ಗಾಜಿನ ತುಂಡು ತಂದು, “ಹೋಗು, ಕೊಡದಾಗಿಂದ ನೀರು ತಗೊಂಡ್ ಬಾ,” ಎಂದು ನನಗೆ ಹೇಳಿದರು. ನಮ್ಮ ಓಣಿಯ ಮಕ್ಕಳು ಆ ಕೊಡ ಮುಟ್ಟುವಂತಿರಲಿಲ್ಲ. ಬೇರೆಯವರು ಮೇಲಿಂದ ಸುರಿದರೆ ಬೊಗಸೆಯೊಡ್ಡಿ ಕುಡಿಯಬೇಕಿತ್ತು. ಸರ್‌ಗೆ ಅದು ತಿಳಿದಿರಲಿಲ್ಲವೋ, ತಿಳಿದೇ ಹೇಳಿದರೋ... ನಾನು ಕೊಡಕ್ಕೆ ಕೈ ಹಾಕಿ ನೀರು ತಂದೆ.

ಗಾಜುಗಳ ನಡುವೆ ನೀರು ಸವರಿ, ಒಂದರ ಮೇಲೊಂದು ಒತ್ತಿ, ಜಗ್ಗಿರಿ ಅಂದರು. ಜಗ್ಗಿ ಜಗ್ಗಿ ಎಲ್ಲರೂ ಸೋತೆವು.

“ಗೋಂದು ಹಚ್ಚೀರಿ ಸರ್,” ಎಂದು ಹಿಂದಿನ ಸಾಲಿನವನೊಬ್ಬ ನಗಿಸಿದ.

ಸರ್ ಕೂಡ ನಕ್ಕರು. “ಅಣುಕ್ಕ ಅಣು ಎಳೀತದಲೇ. ಒಂದರದು ನೋಡಿದ್ರ ಏನೂ ಅಲ್ಲ, ಭಾಳ ಸಣ್ಣ ಸೆಳೆತ. ಎಲ್ಲಾ ಕೂಡಿದ್ರ ನಿಮ್ಮ ಕೈ ಸೋಲ್ತದ. ಆದ್ರ ದೂರದಿಂದ ಹಿಡಿಯಂಗಿಲ್ಲ. ಹತ್ರ ಬರಬೇಕು.”

ಅಂದೇ ಸಂಜೆ ಈ ಅಧ್ಯಕ್ಷ ಶಾಲೆಗೆ ಬಂದು ಕೊಡದ ನೀರು ಚೆಲ್ಲಿಸಿದ, ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕಿಸಿದ. ಆ ವಾರ ಮುಗಿಯುವ ಮೊದಲೇ ಸರ್ ಚೀಲ ಹಿಡಿದು ಬಸ್ ಹತ್ತಿದರು. ಮಕ್ಕಳಿಗೆ ಚೆನ್ನಾಗಿ ಕಲಿಸುತ್ತಾರೆಂದು ಹೊಗಳುತ್ತಿದ್ದ ಊರಿನಲ್ಲಿ ಒಬ್ಬನೂ ಬಾಯಿ ತೆರೆಯಲಿಲ್ಲ. ಆ ಕೊಡ ಇದ್ದ ಶಾಲೆಗೆ ನಾನು ಮತ್ತೆ ಕಾಲಿಡಲಿಲ್ಲ. ದುಡಿದೆ, ಅಂಗಡಿ ಇಟ್ಟೆ. ಇಂದಿನವರೆಗೆ ಯಾರ ಮುಂದೂ ಬೊಗಸೆ ಒಡ್ಡಿಲ್ಲ.

ಈಗ ಹಿಂದಿನ ರಟ್ಟು ಬಿಚ್ಚಿ ನೋಡಿದರೆ, ತೇವಕ್ಕೆ ಸರ್ ಮುಖ ಗಾಜಿಗೆ ಅಂಟಿಬಿಟ್ಟಿತ್ತು. ಅವರದು ಬೇರೆ ಫೋಟೋ ಇಲ್ಲವಂತೆ.

“ಕಿತ್ತರ ಮಾರಿ ಹರೀತದ್ರಿ,” ಅಂದೆ.

“ಒಂದೀಟು ಜಗ್ಗು, ಬರ್ತದ.”

“ಒಮ್ಮಿ ಜಗ್ಗಿ ಒಗದೀರಲ್ಲರಿ. ಇನ್ನಾ ಜಗ್ಗಬೇಕಾ?”

ಅವನು ರಸ್ತೆಯ ಕಡೆ ನೋಡಿದ. “ಇನ್ನಾ ಅದನ್ನೇ ಹಿಡ್ಕೊಂಡು ಕುಂತೀಯೇನಲೇ?”

“ಹೌದ್ರಿ.”

ಹಳೇ ಗಾಜನ್ನು ಮುಟ್ಟದೆ, ಅದರ ಸುತ್ತ ಹೊಸ ಕಟ್ಟು ಹಾಕಿ ಕೊಟ್ಟೆ. ಕಾರ್ಯಕ್ರಮಕ್ಕೆ ಬಾ ಅಂದ. ಹೋಗಲಿಲ್ಲ. ಹಾರ ಹಾಕಿದರಂತೆ, ಭಾಷಣ ಮಾಡಿದರಂತೆ... ಒಂದಿಷ್ಟು ತೇವ ಆ ಮುಖವನ್ನು ಇಷ್ಟು ವರ್ಷ ಬಿಡದೆ ಹಿಡಿದಿತ್ತು. ಇಡೀ ಊರಿಗೆ ಅವರನ್ನು ಒಂದು ವಾರ ಹಿಡಿದುಕೊಳ್ಳಲು ಆಗಲಿಲ್ಲ. ನನ್ನ ಸಿಟ್ಟು ಇದ್ದಲ್ಲೇ ಇದೆ. ಸರ್ ಇಲ್ಲ.