ಅರ್ಧ ದಿನದ ಹಾಜರಿ

ನೀವು ನಂಬುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ನಮ್ಮ ಸಂಗೀತದ ಮಿಸ್ ಹತ್ತಿರ ಇದ್ದ ಸೀರೆಗಳೆಲ್ಲ ಒಂದೇ ಜಾಗದಲ್ಲಿ ಸವೆದಿದ್ದವು. ಬಲತೊಡೆಯ ಮೇಲೆ, ಸರಿಯಾಗಿ ಅಂಗೈ ಅಗಲ. ತಾಳ ಬಿದ್ದೂ ಬಿದ್ದೂ ಅಲ್ಲಿ ನೂಲು ಕಿತ್ತುಬರುತ್ತಿತ್ತು. ಮಿಸ್ ಅದಕ್ಕೆ ರವಿಕೆ ಬಟ್ಟೆಯ ತೇಪೆ ಹಾಕುತ್ತಿದ್ದರು. ಮೂರು ತಿಂಗಳಿಗೆ ತೇಪೆಯೂ ಕೈಕೊಡುತ್ತಿತ್ತು. ತೂತು ನೋಡಿಯೇ ನಾನು ತಾಳ ಹೇಳಬಲ್ಲೆ: ಚಿಕ್ಕದಾದರೆ ರೂಪಕ, ದೊಡ್ಡದಾದರೆ ಆದಿ. ನಾನು ಒಂದಕ್ಕೆ ಹತ್ತು ಸೇರಿಸುತ್ತೇನೆ ಅಂತ ಅಮ್ಮನ ದೂರು. ಅದು ಸುಳ್ಳು. ಹೆಚ್ಚೆಂದರೆ ಎಂಟು.

ಮಿಸ್ ಕೋಡಿಹಳ್ಳಿ ಹತ್ತಿರದ ನಮ್ಮೂರಿನ ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವರು. ಸಂಜೆ ಹೊತ್ತು ತಮ್ಮ ಮನೆ ಜಗುಲಿಯಲ್ಲಿ ನಾಲ್ಕು ಹುಡುಗಿಯರಿಗೆ ಸಂಗೀತ ಹೇಳಿಕೊಡುತ್ತಿದ್ದರು. ನಾಲ್ವರಲ್ಲಿ ನಾನೇ ಚೆನ್ನಾಗಿ ಹಾಡುತ್ತಿದ್ದೆ. ಉಳಿದ ಮೂವರನ್ನು ಈ ವಿಷಯ ಕೇಳಲು ಹೋಗಬೇಡಿ. ಪಾಠ ಎಷ್ಟೇ ಕೆಟ್ಟದಾಗಿ ನಡೆದಿರಲಿ, ಕೊನೆಗೆ ಮಂಗಳ ಹಾಡಿಯೇ ಏಳಬೇಕು. ಒಮ್ಮೆ ಹಿತ್ತಲಲ್ಲಿ ಹಾವು ಅಂತ ಯಾರೋ ಕೂಗಿದಾಗಲೂ ನಾವು ಮಂಗಳ ಮುಗಿಸಿಯೇ ಓಡಿದ್ದು. ಹಾವೂ ಅಲ್ಲಿಯವರೆಗೆ ಕಾಯಿತು.

“ಮಂಗ್ಳ ಹಾಡ್ದೆ ಎದ್ರೆ, ಬಾಗ್ಲು ಹಾಕ್ದೆ ಊರಿಗೆ ಹೋದಂಗೆ ಕಣವ್ವ” ಅನ್ನುತ್ತಿದ್ದರು.

ಇಂಥ ಮಿಸ್ ತಮ್ಮ ಜೀವಮಾನದಲ್ಲಿ ಒಂದು ಸಂಗೀತ ಕಚೇರಿಯ ಮಂಗಳವನ್ನೂ ಎದುರು ಕುಳಿತು ಕೇಳಿರಲಿಲ್ಲ.

ಕಾರಣ ನಮ್ಮಪ್ಪನ ಬಸ್ಸು. ಅಪ್ಪ ಕಂಡಕ್ಟರ್. ಬೆಂಗಳೂರಿನಿಂದ ಕನಕಪುರದ ಮೇಲೆ ನಮ್ಮೂರಿಗೆ ಬರುವ ಕೊನೆಯ ಬಸ್ಸು ಅವನದು. ಬನಶಂಕರಿ ಬಿಡುವುದು ಏಳೂವರೆಗೆ. ಅದು ತಪ್ಪಿದರೆ ಮಾರನೆಯ ಬೆಳಗಿನವರೆಗೆ ಗತಿಯಿಲ್ಲ. ಮಿಸ್ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರು, ಸೊಸೆಯ ಕೈಯಿಂದಲ್ಲದೆ ಬೇರೆಯವರ ಕೈಯಿಂದ ಒಂದು ತುತ್ತು ತಿನ್ನದ ಅಜ್ಜಿ. ಆದ್ದರಿಂದ ಬೆಂಗಳೂರಿನಲ್ಲಿ ಯಾರೇ ಹಾಡಲಿ, ಏಳು ಕಾಲಿಗೆ ಮಿಸ್ ಚಪ್ಪಲಿ ಹುಡುಕುತ್ತಿದ್ದರು.

ಆದರೂ ಆಸೆ ಬಿಡಲಿಲ್ಲ. ಶಾಲೆಯಿಂದ ತಂದಿದ್ದ ಹಳೆಯ ಹಾಜರಿ ಪುಸ್ತಕವೊಂದಿತ್ತು. ಪೇಪರಿನಲ್ಲಿ ಮುಂದಿನ ವಾರದ ಕಚೇರಿಗಳ ವಿವರ ಬಂದರೆ ಕತ್ತರಿಸಿ ಅದರಲ್ಲಿ ಅಂಟಿಸುತ್ತಿದ್ದರು. ಮಕ್ಕಳ ಹೆಸರಿನ ಜಾಗದಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಹೆಸರು. ಹೋಗಿಬಂದ ಮೇಲೆ ತಮಗೆ ತಾವೇ ಹಾಜರಿ ಹಾಕಿಕೊಳ್ಳುತ್ತಿದ್ದರು. ಪುಸ್ತಕ ಪೂರ್ತಿ ತಿರುವಿಹಾಕಿದ್ದೇನೆ, ಎಲ್ಲ ಕಡೆ ಒಂದೇ ಗುರುತು: ಅರ್ಧ ದಿನ.

ರಾಮನವಮಿ ಬಂದರೆ ಪೆಂಡಾಲು ಹಾಕಿ ದಿನಾ ಸಂಜೆ ನಡೆಸುವ ಕಚೇರಿಗಳ ಪಟ್ಟಿಯ ಒಂದು ನಕಲು ಅಪ್ಪನಿಗೂ ಸಿಗುತ್ತಿತ್ತು. ಮಿಸ್ ಹೋಗುವ ದಿನಗಳಿಗೆ ಕೆಂಪು ಟಿಕ್. ಆ ದಿನ ಅಪ್ಪ ಪೆಂಡಾಲಿನ ಹತ್ತಿರದ ಸ್ಟಾಪಿನಲ್ಲಿ ಐದು ನಿಮಿಷ ಬಸ್ಸು ನಿಲ್ಲಿಸಿಕೊಳ್ಳುತ್ತಿದ್ದ. ಅಪ್ಪನಿಗೂ ಅಕ್ಷರ ಕಲಿಸಿದವರು ಅವರೇ. ಪಟ್ಟಿಯನ್ನು ಮಡಿಚಿ ಟಿಕೆಟ್ ಮಷಿನ್ನಿನ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ, ದೇವರ ಕುಂಕುಮದ ಪೊಟ್ಟಣದ ಜೊತೆಗೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅತ್ತೆ ತೀರಿಕೊಂಡರು. ಇನ್ನು ಮಿಸ್ ಎಷ್ಟು ಹೊತ್ತಾದರೂ ಕೂರಬಹುದಿತ್ತು. ಅಷ್ಟು ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೂ ಹೋಗುತ್ತದೆ, ಮಷಿನ್ ಹಾಕಿದರೂ ಪ್ರಯೋಜನವಿಲ್ಲ ಅಂತ ಕನಕಪುರದ ಡಾಕ್ಟರು ಹೇಳಿಬಿಟ್ಟರು. ಮಿಸ್ ಅದನ್ನು ನಮಗೆ ಹೇಳಿದ್ದು, ನಾಳೆ ರಜೆ ಅಂತ ಹೇಳುವ ಹಾಗೆ. ಆಮೇಲೆ ಹಾಜರಿ ಪುಸ್ತಕ ಮುಚ್ಚುತ್ತಾ, “ಒಂದೇ ಒಂದು ಪೂರ್ತಿ ದಿನ ಹಾಕ್ಕಂಡಿದ್ರೆ ಸಾಕಾಗಿತ್ತು” ಅಂದರು.

ಈಗ ಎರಡೂ ಕಿವಿ ಹೋಗಿವೆ. ನಾನು ಎದುರು ಕುಳಿತು ಹಾಡಿದರೆ ನನ್ನ ಬಾಯಿ ನೋಡಿಕೊಂಡು ತಾಳ ಹಾಕುತ್ತಾರೆ. ಒಂದು ಏಟು ಹಿಂದೆ ಬೀಳುತ್ತಾರೆ. ನಾನು ನಿಧಾನ ಮಾಡುತ್ತೇನೆ. ಅವರು ಇನ್ನೂ ನಿಧಾನ ಮಾಡುತ್ತಾರೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಏನೂ ಆಗುವುದಿಲ್ಲ.

ಆದರೆ ಹೋದ ವರ್ಷ ನನಗೆ ಎಲ್ಲವೂ ಆಗುತ್ತದೆ ಅನ್ನಿಸಿತ್ತು. ಪ್ಲಾನು ನನ್ನದೇ. ರಾಮನವಮಿಯ ಪಟ್ಟಿಯಲ್ಲಿ ಮಿಸ್ ಟಿಕ್ ಹಾಕಿದ್ದ ಒಂದು ಕಚೇರಿಗೆ ನಾನೂ ಜೊತೆ ಹೋಗುವುದು, ಮಂಗಳ ಮುಗಿಯುವವರೆಗೆ ಕೂರುವುದು, ಅಲ್ಲೇ ಹತ್ತಿರ ಇರುವ ಚಿಕ್ಕಮ್ಮನ ಮನೆಯಲ್ಲಿ ಮಲಗಿ ಬೆಳಿಗ್ಗೆ ಬರುವುದು. ಅಪ್ಪ ಪರೀಕ್ಷೆ ಮುಂದಿಟ್ಟುಕೊಂಡು ಖಂಡಿತ ಬಿಡುವುದಿಲ್ಲ. ಅದಕ್ಕೇ ಕನಕಪುರದಲ್ಲಿ ಗೆಳತಿಯ ಮನೆಯಲ್ಲಿ ಲೆಕ್ಕ ಓದುತ್ತೇನೆ ಅಂತ ಅವನಿಗೆ ಹೇಳಿದೆ. ಅವನ ಬಸ್ಸು ಬಿಟ್ಟು ಬೇರೆ ಬಸ್ಸು ಹತ್ತಿದೆವು. ಹಾರೋಹಳ್ಳಿ ದಾಟುವಾಗ ಮಿಸ್ ಕೇಳಿದರು:

“ರಾತ್ರಿ ಬರಾಕಿಲ್ಲ ಅಂತ ನಿಮ್ಮಪ್ಪಂಗೆ ಹೇಳಿದ್ದೀಯೇನವ್ವ? ಪಾಪ, ಕಾಯ್ತಾನೆ.”

“ಹೇಳಿವ್ನಿ ಮಿಸ್” ಅಂತ ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಷ್ಟು ಜೋರಾಗಿ ಸುಳ್ಳು ಹೇಳಿದವಳು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಪೆಂಡಾಲಿನ ಎಡತುದಿಯಲ್ಲಿ ಕೂತೆವು, ಬಲಗಿವಿ ವೇದಿಕೆಯ ಕಡೆಗಿರಲಿ ಅಂತ. ಐದೂವರೆಗೆ ಶುರುವಾಯಿತು. ಮಿಸ್ ಕಿವಿಗೆ ಕೈ ಒಡ್ಡಿಕೊಂಡು, ಇನ್ನೊಂದು ಕೈಯಲ್ಲಿ ಹೊಸ ಸೀರೆಯನ್ನು ಹಾಳುಮಾಡುತ್ತಾ ಕೂತರು. ಏಳು ಕಾಲಿನವರೆಗೆ ಎಲ್ಲ ಚೆನ್ನಾಗಿತ್ತು. ಏಳು ಕಾಲಾದ ಕೂಡಲೇ ಮಿಸ್ ಎದ್ದು ನಿಂತರು. ಕೂರಿಸಿದೆ. ಎರಡು ನಿಮಿಷಕ್ಕೆ ಮತ್ತೆ ಎದ್ದರು. ತಾವು ಏಳುತ್ತಿರುವುದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಇಷ್ಟು ವರ್ಷದ ಅಭ್ಯಾಸ, ಆ ಹೊತ್ತಿಗೆ ಕಾಲು ತಾನಾಗಿ ಬಸ್ಸಿಗೆ ಹೊರಡುತ್ತಿತ್ತು. ಸೆರಗು ಹಿಡಿದು ಎಷ್ಟು ಹೊತ್ತು ಕೂರಿಸಲಿ?

ಕೇಳುಗರು ತಮಗೆ ಬೇಕಾದ ಹಾಡು ಬರೆದು ವೇದಿಕೆಗೆ ಚೀಟಿ ಕಳಿಸುತ್ತಿದ್ದರು. ನಾನೂ ಒಂದು ಕಳಿಸಿದೆ. ಗಾಯಕಿ ಓದಿ, ನಕ್ಕು, ಮೈಕಿನಲ್ಲೇ ಹೇಳಿದರು:

“ಯಾರೋ ಬರೆದಿದ್ದಾರೆ. ‘ನಮ್ಮ ಮಿಸ್ ಇವತ್ತಿನವರೆಗೆ ಮಂಗಳ ಕೇಳಿಲ್ಲ. ದಯವಿಟ್ಟು ಈಗಲೇ ಹಾಡಿಬಿಡಿ, ಆಮೇಲೆ ನೀವು ಏನಾದರೂ ಹಾಡಿಕೊಳ್ಳಿ.’”

ಇಡೀ ಪೆಂಡಾಲು ನಕ್ಕಿತು. ಮಿಸ್ಸಿಗೆ ಸರಿಯಾಗಿ ಕೇಳಿಸಲಿಲ್ಲ. ಎಲ್ಲರೂ ನಗುತ್ತಿದ್ದಾರೆ ಅಂತ ತಾವೂ ನಕ್ಕರು.

“ಮಧ್ಯದಲ್ಲಿ ಮಂಗಳ ಹಾಡಿದರೆ ಕಮಿಟಿಯವರು ನನಗೆ ಪಾನಕವೂ ಕೊಡಲ್ಲ” ಅಂದರು ಗಾಯಕಿ. “ಎರಡು ದೇವರನಾಮ ಬಿಡ್ತೀನಿ. ಒಂದು ಹದಿನೈದು ನಿಮಿಷ ಅವರನ್ನ ಹಿಡಿದು ಕೂರಿಸಿಕೊಳ್ಳಿ.”

ನಾನು ಎದ್ದು ನಿಂತು ಸುತ್ತಲೂ ಕೈಮುಗಿದೆ. ಪ್ರಶಸ್ತಿ ಬಂದವರು ಹಾಗೆಯೇ ಮಾಡುವುದು. ಮಿಸ್ಸಿನ ಎರಡೂ ಕೈ ಹಿಡಿದುಕೊಂಡು ಕೂತೆ. ತಿಲ್ಲಾನ ಬಂತು, ಮುಗಿಯಿತು. ಗಾಯಕಿ ನೀರು ಕುಡಿದರು. ಪಕ್ಕವಾದ್ಯದವರ ಕಡೆ ತಿರುಗಿ ಶ್ರುತಿ ಸರಿಮಾಡಿಕೊಂಡರು. ಇನ್ನು ಮಂಗಳ ಒಂದೇ ಬಾಕಿ.

ಆಗ ಬಲಗಡೆಯ ಬಾಗಿಲಿನಿಂದ ಅಪ್ಪ ಬಂದ. ಖಾಕಿ ಅಂಗಿ, ಹೆಗಲಿಗೆ ಟಿಕೆಟ್ ಮಷಿನ್ನು, ಕೈಯಲ್ಲಿ ಆ ಪಟ್ಟಿ. ಸಾಲು ಸಾಲು ಮುಖ ನೋಡಿಕೊಂಡು ಬಗ್ಗಿ ಬಗ್ಗಿ ಬಂದು ಮಿಸ್ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

“ಮೇಡಮ್ಮೋರೆ, ಇವತ್ತಿಗೆ ಟಿಕ್ ಹಾಕಿದ್ರಲ್ಲ, ಹತ್ತು ನಿಮಿಷದಿಂದ ಬಸ್ ನಿಲ್ಸಿವ್ನಿ. ಜನ ಬಾಯಿಗ್ ಬಂದಂಗ್ ಬಯ್ತಾವ್ರೆ. ನಿಮ್ಮನ್ನ ಬುಟ್ಟು ಹೋಗಾಕೆ ಮನಸ್ ಬರ್ನಿಲ್ಲ. ಬನ್ನಿ.”

ಆಮೇಲೆ ನನ್ನನ್ನು ನೋಡಿದ.

“ನೀನ್ಯಾಕಮ್ಮಿ ಇಲ್ಲಿದ್ದೀಯೆ?”

ನಾನು ಮಿಸ್ಸಿನ ಕೈಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಮಿಸ್ ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಬರುವುದಿಲ್ಲ ಹೋಗು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ತಮಗೋಸ್ಕರ ಒಂದು ಬಸ್ಸಿನ ಜನರ ಬೈಗುಳ ತಿಂದು ಬಂದವನಿಗೆ ಹಾಗೆ ಹೇಳುವುದು ಮಿಸ್ಸಿಗೆ ಗೊತ್ತಿರಲಿಲ್ಲ.

“ಏಳವ್ವ. ಜನ ಕಾಯ್ತಾವ್ರೆ” ಅಂದರು. ನನಗೆ ಬೈಯಲೂ ಇಲ್ಲ.

ಅಪ್ಪ ಅವರ ಚೀಲ ಹಿಡಿದುಕೊಂಡು ಮುಂದೆ ನಡೆದ. ಬಾಗಿಲು ಬಲಕ್ಕಿತ್ತು. ಅತ್ತ ತಿರುಗಿ ನಡೆಯುತ್ತಿದ್ದರೆ ವೇದಿಕೆ ನಮ್ಮ ಎಡಕ್ಕೆ ಬಂತು, ಸತ್ತ ಕಿವಿಯ ಕಡೆಗೆ. ಅರ್ಧ ದಾರಿಯಲ್ಲಿ ಗಾಯಕಿ ಮಂಗಳ ಎತ್ತಿಕೊಂಡರು. ಕುಳಿತವರೆಲ್ಲ ಕೈಮುಗಿದರು.

ಮಿಸ್ ನನ್ನ ಕಡೆ ಬಗ್ಗಿ ಕೇಳಿದರು, “ಶುರುವಾಯ್ತೇನವ್ವ?”

“ಇಲ್ಲ ಮಿಸ್” ಅಂತ ಬಲಗಿವಿಗೆ ಹೇಳಿದೆ. “ಇನ್ನೂ ಶ್ರುತಿ ನೋಡ್ಕತಾವ್ರೆ.”