ಸೀಳು ಗೊರಸಿನ ಕುದುರೆ

ಬೆಳಗಿನ ಮಸುಕಿನಲ್ಲಿ ಸಖುಬಾಯಿ ಸಿಮೆಂಟಿನ ಕುದುರೆಯ ಹೊಟ್ಟೆಯಡಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಬುಟ್ಟಿಯಲ್ಲಿ ಕಲಸಿಟ್ಟ ಸಿಮೆಂಟು ಗಟ್ಟಿಯಾಗುತ್ತಿದೆ. ಕರಣಿ ಹಿಡಿದ ಕೈ ಮಾತ್ರ ಮುಂದೆ ಹೋಗುತ್ತಿಲ್ಲ.

ಬೀದರಿನ ಈ ಹಳೆಯ ಸೇತುವೆಯ ಎರಡು ತುದಿಗೆ ಇಬ್ಬರು ಕುದುರೆ ಸವಾರರ ಪ್ರತಿಮೆಗಳಿವೆ. ಭಾಲ್ಕಿ, ಔರಾದ ಬಸ್ಸಿನವರು ದಿನಾ ನೋಡುವಂಥವು. ಸವಾರರು ಯಾರೆಂದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಅವುಗಳ ಮೈ ತೊಳೆದು, ಬಿರುಕು ಮುಚ್ಚಿ, ಬಣ್ಣ ಬಳಿಯುವ ಸಖುಬಾಯಿ ಯಾರೆಂದು ಯಾರೂ ಕೇಳಿದ್ದಿಲ್ಲ.

ಒಂದು ಕುದುರೆ ಹೈದರಾಬಾದಿನ ಕಸುಬುದಾರರು ಮಾಡಿದ್ದಂತೆ. ಅದರ ಜೋಡಿ ಒಂದು ಮಳೆಗಾಲದಲ್ಲಿ ನಾಲೆಗೆ ಉರುಳಿತು. ಬದಲಿ ಕಟ್ಟಿದವರು ಸಖುಬಾಯಿಯ ಮಾವ ಹಣಮಂತಪ್ಪ. ಸಾಯಗಾಂವದಲ್ಲಿ ಕುರಿ ಕಾಯುತ್ತಿದ್ದು, ಆಮೇಲೆ ಗಾರೆ ಕೆಲಸದ ಗೌಂಡಿಯಾದವರು. ಉಳಿದದ್ದನ್ನು ನೋಡಿ ನೋಡಿಯೇ ಕಿವಿ, ಜೀನು, ಸವಾರನ ರುಮಾಲು ಎಲ್ಲ ತಿದ್ದಿದರು. ಆದರೆ ರಸ್ತೆ ಏರಿ ಏರಿ ಹಳೆಯ ಕುದುರೆಯ ಪಾದಗಳು ಹೂತುಹೋಗಿದ್ದವು. ಕಾಣದ ಗೊರಸನ್ನು ಮಾವ ತಮ್ಮ ಕೈ ಬಲ್ಲಂತೆ ಮಾಡಿದರು: ಕುರಿಯ ಕಾಲಿನಂತೆ, ನಡುವೆ ಸೀಳು. ವರ್ಷವರ್ಷ ಬಣ್ಣ ಬಳಿದ ಸಖುಬಾಯಿಗೂ ಅದು ತಪ್ಪೆನಿಸಲಿಲ್ಲ. ಅವರ ತವರೂ ಕುರಿಯ ಮನೆಯೇ.

ಕಳೆದ ವಾರ ದುರಸ್ತಿಗೆಂದು ರಸ್ತೆ ಅಗೆದಾಗ ಹಳೆಯ ಪಾದಗಳು ಹೊರಬಂದವು. ಸೀಳಿಲ್ಲದ, ಇಡಿಯಾದ ಗೊರಸು. ಎರಡೂ ಒಂದೇ ಥರ ಇರಬೇಕು, ಸೀಳು ಮುಚ್ಚಿಬಿಡಿ ಎಂದಿದ್ದಾರೆ ಮೇಲ್ವಿಚಾರಕ ಕೈಲಾಶ.

“ಸಖುಬಾಯಿ, ನಿಮ್ಮ ಮಾವ ಕುದುರಿ ಮಾಡ್ಯಾರೋ, ಬಕ್ರಾ ಮಾಡ್ಯಾರೋ?” ಚಹಾ ತಂದ ಅಬ್ದುಲ ವಾಹೀದ ಕೆಣಕುತ್ತಾರೆ.

“ಮ್ಯಾಲ ಕುಂತಾವ ಇನ್ನಾ ಇಳದಿಲ್ಲಲ್ರಿ ಭಾಯ್. ಅಂವಗ ನಡದದ.”

ಸಖುಬಾಯಿಯ ನಗು ಬೇಗ ಆರುತ್ತದೆ. “ಮಾವನೋರು ಟಾಂಗಾದ ಕುದುರಿ ದಿನಾ ನೋಡತಿದ್ರು. ಆದ್ರೂ ಹಿಂಗ್ಯಾಕ ಮಾಡಿದ್ರು, ತಿಳಿವಲ್ದು ನೋಡ್ರಿ. ತಪ್ಪ ಅಂತ ಮುಚ್ಚಲೋ, ಅವರ ಕೈ ಅಂತ ಬಿಡಲೋ? ಬಿಟ್ರ ಮಂದಿ ನಗ್ತಾರ. ಮುಚ್ಚಿದ್ರ ಮಾವನೋರದು ಅಂಬೋ ಗುರ್ತ ಮತ್ತೊಂದಿಲ್ರಿ.”

ನೀರು ಚಿಮುಕಿಸಿ ಮತ್ತೆ ಕಲಸುತ್ತಾರೆ. ಮುಂಗಾಲುಗಳ ಎರಡು ಗೊರಸಿನ ಸೀಳು ಮುಚ್ಚುತ್ತಾರೆ. ಎದ್ದು ಸೇತುವೆಯಾಚೆ ಹೋಗಿ ಹಳೆಯ ಕುದುರೆಯ ಪಾದ ಸವರಿ ಬರುತ್ತಾರೆ. ಮೂರನೆಯದೂ ಮುಗಿಯುತ್ತದೆ. ನಾಲೆಯ ಕಡೆಗಿನ ಹಿಂಗಾಲಿನ ಸೀಳಿನಲ್ಲಿ ಬೆರಳಿಟ್ಟವರು ಕರಣಿಯನ್ನು ಕೆಳಗಿಡುತ್ತಾರೆ.

ಬಿಸಿಲೇರುವಾಗ ಕೈಲಾಶ ಬಂದು ಬಗ್ಗಿ ನೋಡುತ್ತಾರೆ. “ಇದೊಂದ ಯಾಕ ಬಿಟ್ಟೀರಿ, ಅಕ್ಕಾ? ಯಾರರೆ ಕೇಳಿದ್ರ ನಾ ಏನ ಹೇಳ್ಲಿ?”

ಸಖುಬಾಯಿ ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಕುರಿ ಕಾಯವ್ರ ಕೈಯಾಗ ಹುಟ್ಟಿದ ಕುದುರಿ ಅದ ಅನ್ರಿ, ಸಾಹೇಬ್ರ.”