ಗಾಜಿಗೆ ಹಚ್ಚಿದ ಮೆರುಗು

ಕೊರೋನಾ ಕಳೆದ ಮರುವರ್ಷ ನಾನು ರಾಮನಗರದ ಒಂದು ಗ್ಯಾರೇಜಿನಲ್ಲಿ ಪೇಂಟ್ ಮತ್ತು ಪಾಲಿಶ್ ವಿಭಾಗದ ಮೇಸ್ತ್ರಿಯಾಗಿದ್ದೆ. ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆತನ. ನನ್ನ ಕೈಗೆ ಮಾತ್ರ ಕಾರಿನ ಬಣ್ಣ ಅಂಟಿಕೊಂಡಿತು. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ತೆಳುವಾದ ಪಾರದರ್ಶಕ ಪದರವಿರುತ್ತದೆ. ಬಿಸಿಲು, ಹಕ್ಕಿಯ ಹಿಕ್ಕೆ, ಕ್ವಾರಿ ಧೂಳು ಮೊದಲು ತಿನ್ನುವುದು ಅದನ್ನೇ. ವ್ಯಾಕ್ಸ್ ಇರುವ ಬಾಡಿ ಪಾಲಿಶ್ ಅದನ್ನು ಕಾಪಾಡುತ್ತದೆ. ಅದೇ ಪಾಲಿಶನ್ನು ಮುಂದಿನ ಗಾಜಿಗೆ ಹಚ್ಚಿದರೆ ಜಿಡ್ಡು ಕೂರುತ್ತದೆ. ಬಿಸಿಲಿನಲ್ಲಿ ಗೊತ್ತಾಗುವುದಿಲ್ಲ, ಮಳೆ ಬಂದಾಗ ವೈಪರ್ ಅದನ್ನು ಗಾಜಿನ ತುಂಬ ಬಳಿಯುತ್ತದೆ. ಗಾಜಿಗೆ ಬೇರೆಯದೇ ಪಾಲಿಶ್ ಇದೆ, ಒರೆಸಲು ಬೇರೆ ಬಟ್ಟೆಯೂ ಬೇಕು.

ಇಷ್ಟು ಸಣ್ಣ ವಿಷಯ ರಾಜಣ್ಣನ ತಲೆಗೆ ಹೋಗಲಿಲ್ಲ. ಮದುವೆಗಳಿಗೆ ಕಾರು ಬಾಡಿಗೆಗೆ ಬಿಡುವ ಮನುಷ್ಯ ಅವನು. ಗಾಜಿಗೆ ಬಾಡಿ ಪಾಲಿಶ್ ಹಾಕುವುದಿಲ್ಲ ಎಂದು ನಾವು ಹೇಳಿದ ಮೇಲೆ, ತಾನೇ ಡಬ್ಬಿ ಕೊಂಡು ತಂದು ಡ್ರೈವರ್ ಸಿದ್ದರಾಜುವಿನ ಕೈಯಲ್ಲಿ ಹಾಕಿಸತೊಡಗಿದ. ಕಲ್ಯ ಎಂಬ ಹಳ್ಳಿಯ ಸಿದ್ದರಾಜು ನನ್ನೆದುರೇ ಅವನಿಗೆ ಹೇಳಿದ್ದ, "ಮಳೇಲಿ ಏನೂ ಕಾಣಾಕಿಲ್ಲ ಕಣಣ್ಣ."

"ಕಾರು ಫಳಫಳ ಅನ್ಬೇಕು ಕಣ್ಲಾ. ನಿಂಗೆ ಕಾಣ್ದಿದ್ರೆ ಕನ್ನಡಕ ಹಾಕ್ಕೊ," ಎಂದು ರಾಜಣ್ಣ ನಕ್ಕ.

ಮೇ ತಿಂಗಳ ಒಂದು ಸಂಜೆ ಮದುಮಕ್ಕಳನ್ನು ಮಾಗಡಿಯಲ್ಲಿ ಇಳಿಸಿ, ಮಳೆಯಲ್ಲಿ ಖಾಲಿ ಕಾರು ತರುತ್ತಿದ್ದ ಸಿದ್ದರಾಜು ಮೋರಿಯ ಕಟ್ಟೆಗೆ ಗುದ್ದಿದ. ಅವನ ಕೈ ಮುರಿಯಿತು. ಕಾರಿನ ಎಡಭಾಗ ನುಜ್ಜುಗುಜ್ಜಾದರೂ ಮುಂದಿನ ಗಾಜು ಉಳಿದಿತ್ತು. ಮರುದಿನ ಕಾರು ನಮ್ಮಲ್ಲಿಗೆ ಬಂದಾಗ ಗಾಜಿಗೆ ನೀರು ಸುರಿದು ವೈಪರ್ ಓಡಿಸಿದೆ. ಹಾಲು ಬಳಿದ ಹಾಗೆ ಬಿಳಿ ಪಟ್ಟೆಗಳು. ಎದುರಿನಿಂದ ಹೆಡ್‌ಲೈಟ್ ಬಿದ್ದರೆ ಒಳಗೆ ಕೂತವನಿಗೆ ರಸ್ತೆಯೇ ಇಲ್ಲ.

ರಾಜಣ್ಣ ಪಕ್ಕದಲ್ಲೇ ನಿಂತಿದ್ದ. ಮಾಲೀಕನೇ ಗಾಜು ಕೆಡಿಸಿದ ಎಂದಾದರೆ ಕ್ಲೇಮ್ ಸಿಗದೆಂಬ ಭಯ ಅವನಿಗೆ.

"ಸಾಬ್ರೇ, ಇನ್ಶೂರೆನ್ಸ್‌ನೋರು ಬತ್ತಾರೆ. ಗಾಜು ಒಸಿ ಒರೆಸ್ಬುಡಿ. ಅವ್ನು ನಿದ್ದೆ ಹೊಡ್ದ ಅಂತ ನಾನ್ ಹೇಳ್ಕತೀನಿ."

"ಅವ್ನ ಹೊಟ್ಟೆ ಮೇಲೆ ಹೊಡೀಬ್ಯಾಡಿ. ನಾನು ಒರೆಸಾಕಿಲ್ಲ," ಎಂದೆ.

ಅವನು ಜಗಳವಾಡಲಿಲ್ಲ. ಕಾರನ್ನು ಎಳೆಸಿಕೊಂಡು ಚನ್ನಪಟ್ಟಣದ ಇನ್ನೊಂದು ಗ್ಯಾರೇಜಿಗೆ ಹೋದ. ನಷ್ಟ ಅಂದಾಜು ಮಾಡುವ ಸರ್ವೇಯರ್ ಬರುವಷ್ಟರಲ್ಲಿ ಗಾಜಿನ ಮೇಲೆ ಒಂದು ಕಲೆಯೂ ಇರಲಿಲ್ಲ. ಅವರು ನಮ್ಮ ಗ್ಯಾರೇಜಿಗೂ ಬರುತ್ತಿದ್ದವರೇ. ಫೋನ್ ಮಾಡಿ ಕಂಡದ್ದನ್ನು ಹೇಳಿದೆ, ಪಟ್ಟೆ ಎದ್ದಾಗಲೇ ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ಕಳಿಸಿದೆ. "ಒದ್ದೆ ಗಾಜು ತಾನೆ," ಎಂದು ಫೋನ್ ಇಟ್ಟರು.

ಆಮೇಲೆ ಬಿಡದಿಯಿಂದ ಕನಕಪುರದವರೆಗೆ ಯಾರೂ ಸಿದ್ದರಾಜುವಿಗೆ ಗಾಡಿ ಕೊಡಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನ ಹೆಸರೇ ನಿದ್ದೆ ಸಿದ್ದ ಎಂದಾಯಿತು. ಕೈ ಕೂಡಿದ ಮೇಲೆ ಒಮ್ಮೆ ಗ್ಯಾರೇಜಿಗೆ ಬಂದು ಕೇಳಿದ, "ನಾನ್ ಕಣ್ ಬುಟ್ಕಂಡೇ ಇದ್ದೆ ಸಾಬ್ರೇ. ನೀವಾರ ನಂಬ್ತೀರಾ?"

ನಂಬುತ್ತೇನೆ ಎಂದೆ. ನನ್ನ ನಂಬಿಕೆಯಿಂದ ಅವನಿಗೆ ಒಂದು ಟ್ರಿಪ್ಪೂ ಸಿಗಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಯುಧಪೂಜೆಯ ಹೊತ್ತಿಗೆ ಅದೇ ಕಾರು ಹೊಸ ಡ್ರೈವರನೊಂದಿಗೆ ನಮ್ಮ ಬಾಗಿಲಿಗೆ ಬಂತು. "ಫುಲ್ ಪಾಲಿಶ್ ಅಂತೆ, ಗಾಜ್ಗೂವೆ," ಎಂದ. ಅವನನ್ನು ಸೀಟಿನಲ್ಲೇ ಕೂರಿಸಿ, ಗಾಜಿಗೆ ನೀರು ಸುರಿದು ವೈಪರ್ ಹಾಕಿಸಿದೆ. ರಾಜಣ್ಣ ಮತ್ತೆ ಬಾಡಿ ಪಾಲಿಶ್ ಹಾಕಿಸಿದ್ದ, ಬಿಳಿ ಪಟ್ಟೆ ಎದ್ದಿತು.

"ನಾನ್ ಕಾಣ್ತೀನೇನಪ್ಪ?" ಎಂದೆ.

"ಸರಿಯಾಗಿ ಕಾಣಾಕಿಲ್ಲ," ಎಂದ. ವೈಪರ್ ನಿಲ್ಲಿಸಿ, "ಯಜಮಾನ್ರಿಗೆ ಏನ್ ಹೇಳ್ಲಿ?" ಎಂದು ಕೇಳಿದ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಬಣ್ಣ ಇರುವುದು ಹೊರಗೆ ನಿಂತು ನೋಡುವವನಿಗೆ, ಗಾಜು ಇರುವುದು ಒಳಗೆ ಕೂತವನಿಗೆ. ಆದರೆ ಎರಡಕ್ಕೂ ಏನು ಹಚ್ಚಬೇಕೆಂದು ಹೇಳುವವನು ಯಾವಾಗಲೂ ಹೊರಗೇ ನಿಂತಿರುತ್ತಾನೆ.